ಓಡುವ ಬಸ್ಸಿಗೆ ಕಾಣುವ ಅಕ್ಷರ

ಶಿರಾಳಕೊಪ್ಪದ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ನಾವಿದ್ದ ಬಾಡಿಗೆ ಮನೆಗೆ ಎರಡು ಕೋಣೆ. ಹಿಂದಿನದರಲ್ಲಿ ಒಲೆ, ಹಾಸಿಗೆ, ಅಮ್ಮಿಯ ಟ್ರಂಕು, ನನ್ನ ಶಾಲೆಯ ಚೀಲ. ಮುಂದಿನದರಲ್ಲಿ ಬರೀ ಬೋರ್ಡುಗಳು. ಬೋರ್ಡುಗಳಿದ್ದ ಕೋಣೆಯೇ ದೊಡ್ಡದು, ಕಿಟಕಿ ಇದ್ದದ್ದೂ ಅದಕ್ಕೇ. ಬಣ್ಣ ಒಣಗುವವರೆಗೆ ಅಲ್ಲಿ ಕಸ ಗುಡಿಸುವಂತಿಲ್ಲ, ಫ್ಯಾನು ಹಾಕುವಂತಿಲ್ಲ, ಒಗ್ಗರಣೆಯ ಹೊಗೆ ಆ ಕಡೆ ಹೋಗದಂತೆ ನಡುವಿನ ಬಾಗಿಲು ಮುಚ್ಚಿಕೊಂಡೇ ಅಡುಗೆ ಮಾಡಬೇಕು. ಇವು ನಮ್ಮ ಮನೆಯ ಕಾನೂನು. ಬಂದ ನೆಂಟರು ಹಲಗೆಗಳ ನಡುವೆ ಸೀರೆ, ಪೈಜಾಮ ಎತ್ತಿ ಹಿಡಿದುಕೊಂಡು, ಗದ್ದೆಯ ಬದುವಿನ ಮೇಲೆ ನಡೆಯುವವರ ಹಾಗೆ ಒಳಗೆ ಬರುತ್ತಿದ್ದರು. ದೀಪ ಆರಿಸಿದ ಮೇಲೂ ಟರ್ಪೆಂಟೈನಿನ ವಾಸನೆ ಎಚ್ಚರವಾಗಿರುತ್ತಿತ್ತು. ಬೇರೆ ಮಕ್ಕಳ ಮನೆಗೆ ಹೋದಾಗ ಅಲ್ಲಿ ಯಾವ ವಾಸನೆಯೂ ಇಲ್ಲವಲ್ಲ, ಇವರು ಹೇಗೆ ನಿದ್ದೆ ಮಾಡುತ್ತಾರೆ ಎಂದು ನನಗೆ ಅನಿಸುತ್ತಿತ್ತು.

ಅಬ್ಬಾನನ್ನು ಊರಿನವರು ಪೇಂಟರ್ ಸಾಬ್ರು ಎನ್ನುತ್ತಿದ್ದರು. ಅವರ ಕೈಯಲ್ಲಿ ಎರಡು ಬಗೆಯ ಅಕ್ಷರಗಳಿದ್ದವು. ಒಂದು ನೆಟ್ಟಗಿನದು, ಸಣ್ಣದು. ಮಾಲೀಕರ ಹೆಸರು, ಬೀದಿ, ಫೋನ್ ನಂಬರು ಎಲ್ಲ ಅದರಲ್ಲಿ. ಇನ್ನೊಂದು ದಪ್ಪ ಓರೆ. ಅಂಗಡಿಯ ಹೆಸರಿಗೆ ಮಾತ್ರ ಅದು. ನಿಂತು ಓದುವವರಿಗೆ ನೆಟ್ಟಗಿನದು, ಬಸ್ಸಿನಲ್ಲಿ ಹೋಗುವವರಿಗೆ ಓರೆಯದು ಎಂಬುದು ಅವರ ಲೆಕ್ಕ. ಅವರ ತಂದೆ ಮದುವೆಯ ಕಾಗದಗಳನ್ನು ಉರ್ದುವಿನಲ್ಲಿ ಕೈಯಾರೆ ಬರೆದುಕೊಡುತ್ತಿದ್ದವರು. ಬಿದಿರಿನ ಕಡ್ಡಿಯ ತುದಿಯನ್ನು ಓರೆಯಾಗಿ ಸೀಳಿ ಲೇಖನಿ ಮಾಡಿಕೊಳ್ಳುತ್ತಿದ್ದರಂತೆ. ಆ ಲೇಖನಿ ಹಿಡಿದು ಕಲಿತ ಕೈ ಅಬ್ಬಾನದು. ಆಮೇಲೆ ಚಪ್ಪಟೆ ಬ್ರಷ್ ಹಿಡಿದು ಕನ್ನಡ ಬರೆಯತೊಡಗಿದಾಗಲೂ ಮಣಿಕಟ್ಟು ಹಳೆಯ ಕೋನ ಬಿಡಲಿಲ್ಲ. ಇಳಿಯುವ ಗೆರೆ ಹೆಬ್ಬೆರಳಿನಷ್ಟು ದಪ್ಪ, ಏರುವ ಗೆರೆ ಕೂದಲೆಳೆ, ತಿರುವಿನಲ್ಲಿ ಎರಡೂ ಒಂದರೊಳಗೊಂದು ಕರಗುತ್ತಿದ್ದವು. ಈಗ ನಾನು ಶಿಕಾರಿಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಗಳು ನನ್ನ ಭುಜದ ಹಿಂದೆ ನಿಂತು, ಇದನ್ನ ದಪ್ಪ ಮಾಡ್ರಿ, ಸ್ವಲ್ಪ ಓರೆ ಮಾಡ್ರಿ, ಎನ್ನುತ್ತಾರೆ. ಎರಡು ಗುಂಡಿ ಒತ್ತಿದರೆ ಆಯಿತು. ಗುಂಡಿ ಒತ್ತಿದಾಗ ಅಕ್ಷರ ಯಾರೋ ಹಿಂದಿನಿಂದ ತಳ್ಳಿದಂತೆ ವಾಲುತ್ತದೆ. ಅಬ್ಬಾನ ಅಕ್ಷರ ವಾಲಿದ್ದಲ್ಲ. ಎದುರುಗಾಳಿಗೆ ಸೈಕಲ್ ತುಳಿಯುವವನ ಹಾಗೆ ತಾನಾಗಿ ಮುಂದಕ್ಕೆ ಬಾಗಿದ್ದು.

ಬೋರ್ಡು ಮುಗಿದ ಮೇಲೆ ಕೆಳಗಿನ ಬಲ ಮೂಲೆಯಲ್ಲಿ ಪೇಂಟರು ತನ್ನ ಗುರುತು ಹಾಕುವುದು ಈ ಕಸುಬಿನ ರೂಢಿ. ಕೆಲವರು ಮಗನ ಹೆಸರು ಹಾಕುತ್ತಾರೆ, ಕೆಲವರು ಮನೆದೇವರದು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣಗೆ. ಅಬ್ಬಾ ಸ್ವಂತ ಕೆಲಸ ಶುರು ಮಾಡಿದ್ದು ಮದುವೆಯಾದ ವರ್ಷ. ಹಾಗಾಗಿ ಅವರ ಗುರುತು ‘ಜರೀನಾ ಆರ್ಟ್ಸ್’. ಜರೀನಾ ಎಂದರೆ ನನ್ನ ಅಮ್ಮಿ. ಅದನ್ನು ಅವರು ಎಲ್ಲರಂತೆ ಸಣ್ಣಗೆ, ನೆಟ್ಟಗೆ ಬರೆದಿದ್ದರೆ ನಮ್ಮ ಮನೆಯಲ್ಲಿ ಏನೂ ಆಗುತ್ತಿರಲಿಲ್ಲ. ‘ಆರ್ಟ್ಸ್’ ಅನ್ನು ಹಾಗೇ ಬರೆಯುತ್ತಿದ್ದರು. ‘ಜರೀನಾ’ ಮಾತ್ರ ದಪ್ಪ ಓರೆ. ಕೊನೆಯ ‘ನಾ’ದ ದೀರ್ಘವನ್ನು ಕೆಳಗೆ ಇಳಿಸಿ, ಹಿಂದಕ್ಕೆ ಎಳೆದು, ಇಡೀ ಹೆಸರಿನ ಅಡಿಗೆ ಒಂದು ಗೆರೆಯಾಗಿ ಹಾಸಿಬಿಡುತ್ತಿದ್ದರು. ಅಂಗಡಿಯ ಹೆಸರಿನ ಮುಂದೆ ಅದು ಪುಟ್ಟದೇ. ಆದರೂ ಓಡುವ ಬಸ್ಸಿಗೆ ಅಂಗಡಿಯ ಹೆಸರಿನ ಜೊತೆಗೆ ಅದೂ ಕಾಣುತ್ತಿತ್ತು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಗೊಬ್ಬರದಂಗಡಿ, ಹಾಲಿನ ಡೈರಿ, ಸೈಕಲ್ ಶಾಪು, ಪಂಚಾಯ್ತಿ ಕಚೇರಿಯ ಗೋಡೆ, ಎಲ್ಲೆಲ್ಲಿ ಅಬ್ಬಾನ ಏಣಿ ನಿಂತಿತ್ತೋ ಅಲ್ಲೆಲ್ಲ ನನ್ನ ಅಮ್ಮಿಯ ಹೆಸರಿತ್ತು.

ನಾನು ಐದನೇ ತರಗತಿಯಲ್ಲಿದ್ದಾಗ, ಶಾಲೆಗೆ ರಜೆಯಿದ್ದ ಒಂದು ಶುಕ್ರವಾರ ಮಧ್ಯಾಹ್ನ ಮಾಮು ಬಂದರು. ಮಾಮು ಎಂದರೆ ಅಮ್ಮಿಯ ಅಣ್ಣ. ಸೊರಬದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಅವರದು. ಅವರ ಅಂಗಿಯ ಮೇಲೆ, ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆ ಕೂತಿರುತ್ತಿತ್ತು. ಅಂದು ಅವರು ಬೋರ್ಡುಗಳ ನಡುವೆ ಪೈಜಾಮ ಎತ್ತಿ ಹಿಡಿಯಲಿಲ್ಲ. ನಮ್ಮ ಮನೆಯ ಮಾತು ಉರ್ದು. ಇಲ್ಲಿ ಅದನ್ನು ನಮ್ಮೂರ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅವತ್ತಿನ ದನಿ ನನಗೆ ಹಾಗೇ ಕೇಳುತ್ತದೆ.

“ಏನ್ ಬಾವ, ನನ್ನ ಅಂಗಡಿ ಎದುರಿಗೇ ಬೇಕಾಗಿತ್ತಾ ನಿಮಗೆ?”

“ಏನಾತು?”

“ಬಾರಿನ ಗೋಡೆ. ಏನಾತು ಅಂತೆ! ಬೆಳಿಗ್ಗೆಯಿಂದ ಕುಡುಕರು ಬರ್ತಾರೆ, ಗೋಡೆ ಓದ್ತಾರೆ, ನನ್ನ ಕಡೆ ತಿರುಗ್ತಾರೆ. ‘ಎಂತ ಮಾರಾಯ, ನಿನ್ನ ತಂಗಿ ಬಾರ್ ತೆಗ್ದಾಳಂತೆ, ನಮಗೆ ಹೇಳಲೇ ಇಲ್ವಲ್ಲ’ ಅಂತಾರೆ. ನಾನು ಸೂಜಿ ಹಿಡ್ಕೊಂಡು ತಲೆ ಬಗ್ಗಿಸಿ ಕೂರ್ಬೇಕು.”

ಅಬ್ಬಾ ಬ್ರಷ್ ತೊಳೆಯುತ್ತಿದ್ದರು. ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಕುಡಿಯೋದು ಅವರು, ಮಾರೋದು ಇನ್ನೊಬ್ರು. ನಾನು ಬರ್ದಿದ್ದು ಅಕ್ಷರ. ಅಕ್ಷರ ನಂದು.”

ಆಗ ನಡುವಿನ ಬಾಗಿಲು ತೆರೆಯಿತು. ಅಮ್ಮಿಯ ಕೈಗೆ ಹಿಟ್ಟು ಅಂಟಿತ್ತು.

“ಅಕ್ಷರ ನಿಮ್ದು,” ಅಂದಳು. “ಹೆಸರು ನಂದು.”

ಅದಕ್ಕೆ ಅಬ್ಬಾ ಉತ್ತರ ಕೊಟ್ಟಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತೋ ಏನೋ. ಅವರು ಮಾತಿನಲ್ಲಿ ಗೆಲ್ಲುವವರೂ ಅಲ್ಲ, ಸೋಲುವವರೂ ಅಲ್ಲ. ಬ್ರಷ್ಷನ್ನು ಬಟ್ಟೆಗೆ ಒರೆಸಿ, ತುದಿ ಚೂಪು ಮಾಡಿ, ಡಬ್ಬಿಯಲ್ಲಿ ನಿಲ್ಲಿಸಿ, ನಮಾಜಿಗೆ ಹೊರಟುಹೋದರು. ಅಮ್ಮಿ ಅವತ್ತು ಸಂಜೆಯ ಬಸ್ಸಿಗೆ ಅಣ್ಣನ ಜೊತೆ ಸೊರಬಕ್ಕೆ ಹೋದಳು. ನಾಲ್ಕು ದಿನ ಇದ್ದು ಬರ್ತೀನಿ, ಶಾಲೆ ತಪ್ಪಿಸಬೇಡ ಅಂದಳು. ನನಗೂ ನಾಲ್ಕು ದಿನವೇ ಅನಿಸಿತ್ತು. ಟ್ರಂಕು ಇಲ್ಲೇ ಇತ್ತಲ್ಲ. ಅದಕ್ಕೆ ಬೀಗ ಕೂಡ ಹಾಕಿರಲಿಲ್ಲ.

ಅಮ್ಮಿ ಇಲ್ಲದ ಮನೆಯಲ್ಲಿ ಕಾನೂನುಗಳು ಮೊದಲಿನಂತೆಯೇ ಇದ್ದವು, ಅವುಗಳ ಕೆಲಸ ಮಾತ್ರ ಹೋಯಿತು. ಅಬ್ಬಾಗೆ ಬರುತ್ತಿದ್ದದ್ದು ಖಿಚಡಿ ಒಂದೇ, ಅದರಲ್ಲಿ ಒಗ್ಗರಣೆ ಇಲ್ಲ, ಹೊಗೆ ಇಲ್ಲ. ಆದರೂ ಅವರು ನಡುವಿನ ಬಾಗಿಲು ಹಾಕಿಕೊಂಡೇ ಬೇಯಿಸುತ್ತಿದ್ದರು. ಬೆಳಿಗ್ಗೆ ಏಣಿ ಹೊತ್ತು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಶಾಲೆ ಬಿಟ್ಟ ಮೇಲಿನ ಆ ಹೊತ್ತನ್ನು ನಾನು ಬೋರ್ಡುಗಳ ಜೊತೆ ಕಳೆಯುತ್ತಿದ್ದೆ. ಅರ್ಧ ಬರೆದಿಟ್ಟ ಹೆಸರಿನ ಮುಂದಿನ ಅಕ್ಷರ ಯಾವುದು ಎಂದು ಊಹಿಸುವುದು ನನ್ನ ಆಟ. ಯಾವ ಅಕ್ಷರ ಅಬ್ಬಾನ ಕೈಯಿಂದ ಹೆಚ್ಚು ಬರುತ್ತದೆ ಎಂದು ಸ್ಲೇಟಿನ ಮೇಲೆ ಗೀಟು ಹಾಕುತ್ತ ಹೋದೆ. ಸ್ಟೋರ್ಸು, ಟೈಲರ್ಸು, ಟ್ರೇಡರ್ಸುಗಳ ಊರಲ್ಲಿ ‘ರ’ವನ್ನು ಮೀರಿಸುವವರಿರಲಿಲ್ಲ, ಪಾಪದ ‘ಝ’ಕ್ಕೆ ಒಂದು ಗೀಟೂ ಬೀಳಲಿಲ್ಲ. ನಾನು ಅದರ ಪಕ್ಷ ವಹಿಸಿದೆ. ಅದರ ಜೊತೆ ಮಾತಾಡುತ್ತಿದ್ದೆ ಕೂಡ. ದಿನಕ್ಕೊಂದು ಸಾಲು ಬರೆದಿಡುವ ಅಭ್ಯಾಸ ನನಗೆ ಹತ್ತಿದ್ದು ಆಗಲೇ, ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ. ಮೊದಮೊದಲು ಅಮ್ಮಿ ಬಂದ ಮೇಲೆ ಹೇಳಬೇಕಾದ ಸುದ್ದಿಗಳನ್ನು ಬರೆಯುತ್ತಿದ್ದೆ. ಆಮೇಲೆ ಸುದ್ದಿ ಚೌಕದಲ್ಲಿ ಹಿಡಿಸದಾಯಿತು. ಬರೀ ಉಂಡದ್ದನ್ನು ಬರೆಯತೊಡಗಿದೆ. ಖಿಚಡಿ, ಖಿಚಡಿ, ಬನ್ನು, ಖಿಚಡಿ. ನಡುನಡುವೆ ‘ರೊಟ್ಟಿ’ ಎಂದಿದ್ದರೆ ಅದು ಪಕ್ಕದ ಮನೆಯ ಗೌರಮ್ಮನವರದು. ಅವರ ಯಜಮಾನರಿಗೆ ಅಂಜನಾಪುರದ ಕಾಲುವೆಯ ಪಕ್ಕ ಹೊಲವಿತ್ತು. ಜೋಳದ ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆಯಿಂದ ನಮ್ಮ ಒಲೆಗೆ ಕೇಳುತ್ತಿತ್ತು.

“ಏನವ್ವಾ, ಉಂಡೀಯೇನು?” ಎಂದು ಅವರು ಹಿತ್ತಿಲ ಗೋಡೆಯ ಮೇಲಿಂದ ಕೇಳುವರು.

“ಹೂಂ ರೀ, ಉಂಡೆ.”

“ಏನ್ ಉಂಡಿ?”

“ಖಿಚಡಿ.”

“ನಿನ್ನೆನೂ ಅದನ್ನ ಅಂದಿ. ನಿಮ್ಮಪ್ಪಗೆ ಹೇಳು, ಮೇಲೊಂದು ಬೋರ್ಡ್ ಬರ್ದು ನೇತು ಹಾಕು ಅಂತ, ‘ಇಲ್ಲಿ ಖಿಚಡಿ ಸಿಗುತ್ತದೆ’. ಹಿಡಿ, ಈ ರೊಟ್ಟಿ. ನಿಮ್ಮವ್ವ ಯಾವಾಗ ಬರ್ತಾಳಂತೆ?”

ಕೊನೆಯ ಪ್ರಶ್ನೆಗೆ ಹೆದರಿ ಹಿತ್ತಿಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಭಾನುವಾರಗಳಲ್ಲಿ ಅಬ್ಬಾ ನನ್ನನ್ನು ಸೊರಬದ ಬಸ್ಸಿಗೆ ಹತ್ತಿಸಿ ಕಂಡಕ್ಟರಿಗೆ ಹೇಳಿ ಕಳಿಸುತ್ತಿದ್ದರು. ಮಾಮುವಿನ ಅಂಗಡಿಯ ಹಿಂದೆಯೇ ಮನೆ. ಅಮ್ಮಿ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ವಾರದ ಸಿಕ್ಕನ್ನೆಲ್ಲ ಒಂದೇ ಸಲ ಬಿಡಿಸುವಳು. ನೋವಾದರೂ ನಾನು ಅನ್ನುತ್ತಿರಲಿಲ್ಲ, ಅಂದರೆ ಬೇಗ ಮುಗಿಸಿಬಿಡುತ್ತಾಳೆಂದು. ಅಂಗಡಿಯ ಬಾಗಿಲಿನಿಂದ ಎದುರಿನ ಗೋಡೆ ಕಾಣುತ್ತಿತ್ತು. ಹಳದಿಯ ಮೇಲೆ ಕೆಂಪಿನಲ್ಲಿ ಬಾರಿನ ಹೆಸರು, ಮೂಲೆಯಲ್ಲಿ ಅವಳದು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಇದು ಇಷ್ಟು ಚೆನ್ನಾಗಿ ಬರಬಾರದಿತ್ತು ಎಂದು ನನಗೇ ಅನಿಸಿತ್ತು.

“ಅದನ್ನ ಅಳಿಸಲಿ. ಇಲ್ಲಾ, ಎಲ್ಲರಂಗೆ ಸಣ್ಣಗೆ, ನೆಟ್ಟಗೆ ಬರೀಲಿ. ಅದೊಂದು ಗೋಡೆ ಅಲ್ಲ, ಎಲ್ಲಾ ಕಡೆ. ಯಾವನ ಕಣ್ಣಿಗೂ ಬೀಳಬಾರದು. ಬರ್ದ ದಿನ ಬಸ್ ಹತ್ತುತೀನಿ ಅಂತ ಹೇಳು,” ಅಂದಳು ಅಮ್ಮಿ.

ಬಸ್ಸಿನುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದು ಅಬ್ಬಾಗೆ ಒಪ್ಪಿಸಿದೆ. ಅವರು ಖಿಚಡಿಯ ಮೇಲಿನ ತಟ್ಟೆ ಸರಿಸಿ ನೋಡಿದರು.

“ಸಣ್ಣಗೆ ಬರೆಯೋಕೆ ಅದೇನು ವಿಳಾಸಾನಾ?”

“ಅಮ್ಮಿ ಹಂಗೇ ಹೇಳಿದ್ಲು.”

“ಊರೋರ ಅಂಗಡಿ ಹೆಸರೆಲ್ಲ ದಪ್ಪಕ್ಕೆ ಬರ್ದು, ನನ್ನ ಮನೆಯವಳದ್ದು ಮಾತ್ರ ಫೋನ್ ನಂಬರಿನಂಗೆ ಬರೀಲಾ? ಹೋಗಿ ಹೇಳು ಅವಳಿಗೆ.”

ಮುಂದಿನ ಭಾನುವಾರ ಅದನ್ನೂ ಒಪ್ಪಿಸಿದೆ. ಅಮ್ಮಿ ಕೇಳಿ, ಬಾಚಣಿಗೆಯನ್ನು ಕೂದಲಿನಲ್ಲೇ ಬಿಟ್ಟು, ಸ್ವಲ್ಪ ಹೊತ್ತು ಎದುರಿನ ಗೋಡೆ ನೋಡಿದಳು. ಆಮೇಲೆ, “ಆಯ್ತು, ಅದನ್ನೇ ಕಟ್ಕೊಂಡು ಇರಲಿ,” ಅಂದಳು. ಹೀಗೆ ಭಾನುವಾರದಿಂದ ಭಾನುವಾರಕ್ಕೆ ಮಾತು ಒಯ್ಯುವ ಕೆಲಸ ನನ್ನದಾಯಿತು. ಇಬ್ಬರೂ ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು, ಇಬ್ಬರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಯಾವ ಮಾತನ್ನು ಹೇಗೆ ತಿರುಚಿ ಹೇಳಿದರೆ ಅಮ್ಮಿ ಬಸ್ ಹತ್ತಿಯಾಳು ಎಂದು ಯೋಚಿಸುತ್ತಿದ್ದೆ. ಆದರೆ ತಿರುಚಲು ಬಾರದು, ಕೇಳಿದ್ದನ್ನು ಕೇಳಿದಂತೆಯೇ ಹೇಳುವುದು ನನ್ನ ಸ್ವಭಾವ. ಇಂದಿಗೂ ಹಾಗೆಯೇ.

ನಮ್ಮ ಶಾಲೆಯ ಕಾಂಪೌಂಡ್ ಗೋಡೆಗೆ ಸುಭಾಷಿತ ಬರೆದದ್ದೂ ಅಬ್ಬಾ. ಅದರ ಮೂಲೆಯಲ್ಲೂ ಹೆಸರಿತ್ತು. ಮಧ್ಯಾಹ್ನದ ಊಟಕ್ಕೆ ನಾವು ಕೂರುತ್ತಿದ್ದದ್ದು ಆ ಗೋಡೆಯ ನೆರಳಿನಲ್ಲಿ. ಒಂದು ದಿನ ನನ್ನ ತರಗತಿಯ ಹುಡುಗಿಯರು ತಟ್ಟೆ ಹಿಡಿದು ಬಂದು, ಗೋಡೆಯ ಆ ಮೂಲೆಗೆ ಅನ್ನದ ಒಂದು ತುತ್ತು ಹಿಡಿದು, “ತಗಳ್ರೀ ಜರೀನಮ್ಮ, ಊಟ ಮಾಡ್ರೀ. ನಿಮ್ಮ ಮಗಳಿಗೆ ಸ್ವಲ್ಪ ಬಾಚ್ರೀ,” ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಇನ್ನೊಂದು ಮಾತೂ ಅಂದರು. ಕೆಟ್ಟ ಹುಡುಗಿಯರೇನಲ್ಲ. ಅವರಲ್ಲಿ ಒಬ್ಬಳು ಇವತ್ತಿಗೂ ನನ್ನ ಸ್ನೇಹಿತೆ. ಅವತ್ತು ಮಾತ್ರ ನಾನು ಊಟ ಬಿಟ್ಟು ಎದ್ದೆ, ಮನೆಗೆ ಬಂದ ಮೇಲೂ ಉಣ್ಣಲಿಲ್ಲ.

“ಹೊಟ್ಟೆನೋವಾ?” ಅಬ್ಬಾ ಕೇಳಿದರು.

“ಅಲ್ಲ.”

“ಮತ್ತೆ?”

“ನಿಮ್ಮಮ್ಮ ಎಲ್ಲಾ ಗೋಡೆ ಮೇಲೂ ಇದಾಳೆ, ಮನೇಲಿ ಮಾತ್ರ ಇಲ್ಲ ಅಂತಾರೆ.”

ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ, ಮಾಮುವಿನ ಮನೆಯಿಂದ ತಂದ ಮಾತುಗಳ ಹಾಗೆ. ಅಬ್ಬಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆ ಮುಚ್ಚಿ, ಮುಂದಿನ ಕೋಣೆಗೆ ಹೋದರು. ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಬಹಳ ಹೊತ್ತು ಕೇಳಿತು.

ಶಾಲೆಗೆ ರಜೆ ಬಂದದ್ದೇ ನಾವು ಹೊರಟೆವು. ಹಳೆಯ ಮೊಪೆಡ್ಡಿನ ಮುಂದೆ ಡಬ್ಬಿಗಳ ಚೀಲ, ಹಿಂದೆ ನಾನು, ನನ್ನ ತೊಡೆಯ ಮೇಲೆ ಬ್ರಷ್ಷಿನ ಡಬ್ಬ. ಹೆಸರಿನ ಮೇಲೆ ಬಣ್ಣ ಬಳಿದು ಮತ್ತೆ ಬರೆಯುವುದು ಸುಲಭವೆಂದು ನಾನು ತಿಳಿದಿದ್ದೆ. ಹಾಗಲ್ಲ. ಪ್ರತಿ ಗೋಡೆಯೂ ತನ್ನ ಬಿಸಿಲಿಗೆ ತಕ್ಕಂತೆ ಮಾಸಿರುತ್ತದೆ. ಹೊಸ ಹಳದಿ ಬಳಿದರೆ ಹಳೆಯ ಹಳದಿಯ ಮೇಲೆ ಅದು ಗಾಯಕ್ಕೆ ಕಟ್ಟಿದ ಪಟ್ಟಿಯ ಹಾಗೆ ಎದ್ದು ಕಾಣುತ್ತದೆ. ಅಬ್ಬಾ ಡಬ್ಬಿಯ ಮುಚ್ಚಳದಲ್ಲಿ ಹಳದಿ ಸುರಿದು, ಅದಕ್ಕೆ ಒಂದಿಷ್ಟು ಬಿಳಿ, ಚಿಟಿಕೆ ಕೆಮ್ಮಣ್ಣು, ಬೇಕಾದರೆ ಲಾಟೀನಿನ ಮಸಿ ಸೇರಿಸಿ, ಬೆರಳಲ್ಲಿ ಗೋಡೆಗೆ ಹಚ್ಚಿ, ಒಣಗುವವರೆಗೆ ಕಾದು, ದೂರ ಹೋಗಿ ನೋಡಿ, ತಲೆ ಅಲ್ಲಾಡಿಸಿ, ಮತ್ತೆ ಕಲಸುತ್ತಿದ್ದರು. ಬೋರ್ಡು ಬರೆಯುವುದಕ್ಕಿಂತ ಹೆಚ್ಚು ಹೊತ್ತು ಅದರ ಒಂದು ಮೂಲೆಯನ್ನು ಹಳತು ಮಾಡಲು ಹಿಡಿಯುತ್ತಿತ್ತು. ಆಮೇಲೆ ಸಣ್ಣ ದುಂಡು ಬ್ರಷ್ ತೆಗೆದುಕೊಂಡು, ಸಣ್ಣಗೆ, ನೆಟ್ಟಗೆ, ಯಾವ ಪೇಂಟರಾದರೂ ಬರೆಯಬಹುದಾದ ಹಾಗೆ ‘ಜರೀನಾ ಆರ್ಟ್ಸ್’ ಎಂದು ಬರೆಯುತ್ತಿದ್ದರು. ಅದಕ್ಕೆ ಏನೇನೂ ಹೊತ್ತು ಬೇಕಿರಲಿಲ್ಲ. ಹೇಳಿದರೆ ವಿಚಿತ್ರವೆನಿಸಬಹುದು, ನನ್ನ ಬಾಲ್ಯದಲ್ಲಿ ಅಬ್ಬಾನ ಜೊತೆ ಅಷ್ಟು ದಿನ ಒಟ್ಟಿಗೆ ಕಳೆದದ್ದು ಆಗ ಮಾತ್ರ. ಬಣ್ಣ ಒಣಗುವವರೆಗೆ ನಾವು ಅಕ್ಕಪಕ್ಕ ಕೂತಿರುತ್ತಿದ್ದೆವು. ಒಂದು ಕಡಲೆಕಾಯಿ ಪೊಟ್ಟಣ ಇಬ್ಬರ ನಡುವೆ ಇರುತ್ತಿತ್ತು.

ಬಂದಳಿಕೆಯ ದಾರಿಯ ಚಹಾದಂಗಡಿಯವನು ತನ್ನ ಗೋಡೆಯನ್ನು ಅಬ್ಬಾ ಒರೆಸುವುದನ್ನು ನೋಡಿ ಸೌಟು ಹಿಡಿದುಕೊಂಡೇ ಹೊರಗೆ ಬಂದ.

“ಯಾಕ್ರೀ ಸಾಬ್ರೇ, ಕಂಪ್ನಿ ಮುಚ್ಚಿದ್ರೇನು?”

“ಇಲ್ಲ.”

“ಮತ್ಯಾಕ್ರೀ ಅಳಸ್ತೀರಿ? ನಮ್ಮ ಹೋಟ್ಲು ಎಲ್ಲೈತಿ ಅಂದ್ರ ‘ಜರೀನಾ ಅಂತ ಬರ್ದೈತಲ್ಲ, ಅಲ್ಲಿ’ ಅಂತ ಹೇಳ್ತಾರ್ರೀ ಮಂದಿ. ನನ್ನ ಹೋಟ್ಲಿನ ಹೆಸರು ಯಾವನಿಗೂ ನೆಪ್ಪಿಲ್ಲ.”

“ಇನ್ನು ನಿಮ್ಮ ಹೆಸರೇ ನೆಪ್ಪಿಟ್ಕೊಳ್ಳಲಿ ಬಿಡ್ರಿ,” ಅಂದರು ಅಬ್ಬಾ. ಅವನು ನಕ್ಕ. ಅಬ್ಬಾ ನಗಲಿಲ್ಲ.

ಸೊರಬದ ಬಾರಿನ ಗೋಡೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ನಾವು ಹೋದಾಗ ಮಾಮು ಎದುರಿನ ಅಂಗಡಿಯಲ್ಲಿ ಹತ್ತಿ ತುಂಬುತ್ತಿದ್ದರು. ಅಬ್ಬಾ ಆ ಕಡೆ ನೋಡದೆ ಡಬ್ಬಿ ತೆಗೆದರು. ಬಾರಿನ ಮ್ಯಾನೇಜರು ಹೊರಗೆ ಬಂದು, “ಎಂತಕ್ಕೆ ಮಾರಾಯ್ರೆ, ಚಂದ ಉಂಟಲ್ಲ, ಇರ್ಲಿ ಬಿಡಿ,” ಅಂದ. ಅಬ್ಬಾ ಬಣ್ಣ ಕಲಸುತ್ತಲೇ ಇದ್ದರು. ಹಳೆಯ ಹೆಸರಿನ ಮೇಲೆ ಮೊದಲ ಕೋಟು ಬಿದ್ದ ಮೇಲೂ ಕೆಂಪು ಒಳಗಿನಿಂದ ಇಣುಕುತ್ತಿತ್ತು; ದಪ್ಪ ಗೆರೆಗಳು ಹೋಗಲು ಮತ್ತೊಂದು ಕೋಟು ಬೇಕಾಯಿತು, ಅಡಿಗೆರೆಗೆ ಇನ್ನೊಂದು. ಎಲ್ಲ ಮುಗಿದು ಸಣ್ಣ ಅಕ್ಷರ ಬರೆದಾಗ ಮಾಮು ರಸ್ತೆ ದಾಟಿ ಬಂದರು. ಹುಬ್ಬಿನ ಮೇಲೆ ಹತ್ತಿ. ಕೈಯಲ್ಲಿ ಎರಡು ಲೋಟ.

“ಬಾವ, ಚಾ ಕುಡೀರಿ.”

ಅಬ್ಬಾ ಲೋಟ ತೆಗೆದುಕೊಂಡರು. ಮಾಮು ಬಗ್ಗಿ ಮೂಲೆಯನ್ನು ನೋಡಿದರು.

“ಕನ್ನಡಕ ಹಾಕಿದ್ರೂ ಕಾಣಲ್ಲ,” ಅಂದರು. ಸಮಾಧಾನಕ್ಕೆ ಹೇಳಿದ ಮಾತು ಅದು.

ನನ್ನನ್ನು ಅಲ್ಲೇ ಬಿಟ್ಟು ಅಬ್ಬಾ ಮೊಪೆಡ್ಡಿನಲ್ಲಿ ಊರಿಗೆ ಹೋದರು. ಮರುದಿನ ಅಮ್ಮಿ ಮಾತಿನಂತೆ ಬಸ್ ಹತ್ತಿದಳು. ನಾನು ಕಿಟಕಿಯ ಪಕ್ಕ, ಅವಳು ನನ್ನ ಪಕ್ಕ. ಇವತ್ತಿನ ಚೌಕದಲ್ಲಿ ಏನು ಬರೆಯುವುದು ಎಂದು ಆಗಲೇ ಗೊತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅಮ್ಮಿ, ಈ ಕಡೆ ಬಾ ಎಂದು ಜಾಗ ಬದಲಿಸಿಕೊಂಡಳು. ಮೊದಲೆಲ್ಲ ಇದೇ ದಾರಿಯಲ್ಲಿ ಬರುವಾಗ ಅವಳು ನನ್ನ ಗದ್ದ ಹಿಡಿದು ತಿರುಗಿಸಿ, “ಅಗೋ ನಾನು,” ಎನ್ನುತ್ತಿದ್ದಳು, ಸ್ವಲ್ಪ ಹೊತ್ತಿಗೆ, “ಅಗೋ, ಅಲ್ಲೂ ನಾನು.” ಅಂದು ಒಂದೊಂದು ಗೋಡೆ ಬಂದಾಗಲೂ ಅವಳ ತಲೆ ಅದರ ಜೊತೆ ತಿರುಗಿ, ಗೋಡೆ ಹಿಂದಕ್ಕೆ ಹೋಗುವವರೆಗೆ ಹಾಗೇ ಇದ್ದು, ಮತ್ತೆ ನೆಟ್ಟಗಾಗುತ್ತಿತ್ತು. ಗೊಬ್ಬರದಂಗಡಿ ಹೋಯಿತು. ಡೈರಿ ಹೋಯಿತು. ಶಿರಾಳಕೊಪ್ಪ ಹತ್ತಿರವಾದಂತೆ ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡಳು. ನಾನು, ಅಬ್ಬಾನ ಕೆಲಸ ಎಷ್ಟು ಅಚ್ಚುಕಟ್ಟಾಗಿದೆ ಎಂದು ನೋಡುತ್ತಿದ್ದಾಳೆಂದು ತಿಳಿದಿದ್ದೆ.

ಅಬ್ಬಾ ಗಡ್ಡ ತಿದ್ದಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಮುಂದಿನ ಕೋಣೆಯಲ್ಲಿ ನಿಂತಿದ್ದರು. ಅಮ್ಮಿ ಸಲಾಂ ಹೇಳಿದಳು. ಚೀಲ ಕೆಳಗಿಡಲಿಲ್ಲ.

“ಎಲ್ಲಾ ಅಳಿಸಿಬಿಟ್ರಾ?”

“ಇಲ್ವಲ್ಲ. ಬರ್ದೀನಿ. ನೀನು ಹೇಳಿದಂಗೇ, ಸಣ್ಣಗೆ.”

“ದಾರೀಲಿ ಒಂದು ಕಡೇನೂ ಇರಲಿಲ್ಲ.”

“ಇದೆ. ಎಲ್ಲಾ ಕಡೆ ಇದೆ.”

ಅಮ್ಮಿ ನನ್ನ ಕಡೆ ನೋಡಿದಳು. ಗೋಡೆಗೆ ಒರಗಿಸಿದ್ದ ಒಂದು ಟೈಲರ್ ಬೋರ್ಡಿನ ಹತ್ತಿರ ನಾನು ಕೂತು, ಮೂಲೆಯಲ್ಲಿದ್ದ ಸಣ್ಣ ಅಕ್ಷರಗಳ ಕೆಳಗೆ ಬೆರಳಿಟ್ಟು ತೋರಿಸಿದೆ. ಅವಳು ಮಂಡಿಯೂರಿ, ಮುಖ ಹತ್ತಿರ ತಂದು ನೋಡಿದಳು. ನನ್ನ ಬೆರಳಿನ ಈ ಕಡೆ ನೋಡಿದಳು, ಆ ಕಡೆ ನೋಡಿದಳು.

“ಇದು ಜರೀನಾ?”

“ಹೂಂ, ಅಮ್ಮಿ.”

“ಯಾರೋ ಟೀಚರಮ್ಮನ ಹೆಸರಿದ್ದಂಗೈತೆ,” ಅಂದಳು.

ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ, ಗೋಡೆಗಳ ಮೇಲೆ ತನ್ನ ಹೆಸರನ್ನು ಅವಳು ಗುರುತಿಸುತ್ತಿದ್ದದ್ದು ಆ ಓರೆಯ ಆಕಾರದಿಂದ ಎಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಅವಳು ಉರ್ದು ಓದುತ್ತಿದ್ದಳು, ಕುರಾನು ಓದುತ್ತಿದ್ದಳು, ಆದ್ದರಿಂದ ಎಲ್ಲವನ್ನೂ ಓದುತ್ತಾಳೆಂದು ನಾನು ನಂಬಿದ್ದೆ. ಅಬ್ಬಾಗೂ ಅದು ಮರೆತುಹೋಗಿತ್ತೋ, ಗೊತ್ತಿದ್ದೂ ಅವಳ ಮಾತಿನಂತೆಯೇ ನಡೆದುಕೊಂಡರೋ, ನಾನು ಯಾವತ್ತೂ ಕೇಳಲಿಲ್ಲ. ಅವರು ಮೂಲೆಗೆ ಬೆನ್ನು ಮಾಡಿ ಡಬ್ಬಿಗಳನ್ನು ಸಾಲಾಗಿ ಜೋಡಿಸತೊಡಗಿದರು. ಅಮ್ಮಿ ಎದ್ದು, ಮಂಡಿಯ ಧೂಳು ಕೊಡವಿ, “ಒಳ್ಳೇದಾತು, ಯಾರಿಗೂ ಕಾಣಲ್ಲ,” ಎಂದು ಒಳಗೆ ಹೋದಳು.

ಅವಳು ಒಲೆ ಹೊತ್ತಿಸಿದಳು, ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಮತ್ತೆ ತೊಳೆದಳು, ಹಿಟ್ಟು ಕಲಸಿ ರೊಟ್ಟಿ ತಟ್ಟಿದಳು. ಹಿತ್ತಿಲಿನಿಂದ ಗೌರಮ್ಮನವರು, “ಬಂದೆವ್ವಾ? ನಿನ್ನ ಮಗಳು ಖಿಚಡಿ ತಿಂದು ತಿಂದು ಹಳದಿ ಆಗ್ಯಾಳ ನೋಡು,” ಎಂದು ಕೂಗಿದರು. ಅಮ್ಮಿ ಅವರಿಗೆ ನಗುತ್ತಲೇ ಉತ್ತರ ಕೊಟ್ಟಳು. ನಾನು ಟ್ರಂಕಿನ ಮೇಲೆ ಕೂತು ನೋಡುತ್ತಿದ್ದೆ. ಎಲ್ಲ ಮೊದಲಿನಂತಾಯಿತು ಎಂದು ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತಿದ್ದೆ. ಕೊನೆಯ ರೊಟ್ಟಿ ಹೆಂಚಿನ ಮೇಲಿದ್ದಾಗ ಅವಳು ಒಲೆಯ ಅಂಚಿನಿಂದ ಆರಿದ ಇದ್ದಿಲಿನ ತುಂಡೊಂದನ್ನು ತೆಗೆದುಕೊಂಡು, ಪಕ್ಕದ ಸುಣ್ಣದ ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಬಲಗಡೆಯಿಂದ ಶುರುವಾದ ಗೆರೆ ಎಡಕ್ಕೆ ಹರಿದು ತೆಳ್ಳಗಾಗಿ ನಿಂತಿತು. ಅದು ಏನೆಂದು ನನಗೆ ತಿಳಿಯಲಿಲ್ಲ. ಗೆರೆಯ ಬಲ ತುದಿಯಿಂದ ಮೇಲಕ್ಕೆ ಹೋಗಿ ಒಂದು ದೀರ್ಘ ತಿರುಗಿಸಿದಳು, ಅದರ ಎಡಕ್ಕೆ ಒಂದು ಹೊಟ್ಟೆ ಬರೆದಳು. ಅದು ‘ನಾ’ ಆಯಿತು. ಮದುವೆಮನೆಯಲ್ಲಿ ಕೈಗೆ ಮೆಹಂದಿಯ ಬಳ್ಳಿ ಬಿಡಿಸುವವರ ಹಾಗೆ, ತುದಿಯಿಂದ ಬುಡದ ಕಡೆಗೆ, ಉರ್ದು ಬರೆಯುವ ಕೈಯ ದಿಕ್ಕಿನಲ್ಲಿ ಅವಳು ಹಿಂದಕ್ಕೆ ಹೋಗುತ್ತಿದ್ದಳು. ‘ರೀ’ ಬಂತು. ದಪ್ಪ ಬೇಕಾದಲ್ಲಿ ಇದ್ದಿಲನ್ನು ಮಗ್ಗುಲಿಗೆ ಮಲಗಿಸಿದಳು, ತೆಳ್ಳಗೆ ಬೇಕಾದಲ್ಲಿ ಅಂಚಿಗೆ ನಿಲ್ಲಿಸಿದಳು. ಎಲ್ಲಕ್ಕಿಂತ ಕೊನೆಗೆ ‘ಜ’ ಬರೆದು, ಕೈ ತೆಗೆದು, ಕೂತಲ್ಲಿಂದಲೇ ಸ್ವಲ್ಪ ಹಿಂದೆ ವಾಲಿ ನೋಡಿದಳು.

ನಡುವಿನ ಬಾಗಿಲು ತೆರೆದಿತ್ತು. ಅಬ್ಬಾ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ.

ಅಮ್ಮಿ ತಿರುಗಿ ನೋಡಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ತೆಗೆದಳು. ಒಲೆ ಸಾರಿಸುವ ಒದ್ದೆ ಬಟ್ಟೆಯನ್ನು ತೆಗೆದುಕೊಂಡು ಗೋಡೆಯ ಮೇಲೆ ಒಂದು ಸಲ, ಎರಡು ಸಲ ಎಳೆದಳು. ಬೂದು ಬಣ್ಣದ ಕಲೆಯೊಂದು ಉಳಿಯಿತು.

“ಓರೆ ಸರಿಯಾಗಿತ್ತು,” ಅಂದರು ಅಬ್ಬಾ.

“ರೊಟ್ಟಿ ಆರ್ತವೆ,” ಅಂದಳು ಅಮ್ಮಿ. “ಕೂತ್ಕೊಳ್ರಿ.”